ಇಪ್ಪತ್ತೇಳು ಜನ ನೋಡಿದ್ದಾರೆ

ಮಸಿನಗುಡಿಯಿಂದ ಊಟಿ ಘಾಟಿಯ ಕಡೆ ಹೊರಟರೆ ಮಾವನಲ್ಲ ಸಿಗುತ್ತದೆ. ಬಸ್ಸು ನಿಲ್ಲುವ ಜಾಗದಿಂದ ಹಳ್ಳದ ಸೇತುವೆ ದಾಟಿ ಒಂದು ಕಿಲೋಮೀಟರ್ ನಡೆದರೆ ರೂಪಶ್ರೀಯ ಮನೆ. ಅವಳ ಗಂಡ ನವೀನನ ತಾತ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ಬೇರೂರಿದವರು. ಎರಡು ಎಕರೆ ಜಮೀನು, ನಾಲ್ಕು ಹಸು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು.

ಊರಿನ ಆನೆ ಗ್ರೂಪಿಗೆ ರೂಪಶ್ರೀಯೇ ಅಡ್ಮಿನ್. ಆನೆ ಎಲ್ಲಿದೆ ಎಂದು ಒಬ್ಬರಿಗೊಬ್ಬರು ತಿಳಿಸುವುದಕ್ಕೆ ಮಾಡಿಕೊಂಡ ಗ್ರೂಪು ಅದು. ಮೊದಲು ಬೇರೆ ಆಪ್‌ನಲ್ಲಿತ್ತು. ಬೆಳಗಾದರೆ ದೇವರ ಫೋಟೋ, ಗುಲಾಬಿ ಹೂವು, ಮದುವೆ ಕರೆಯೋಲೆಗಳ ಕೆಳಗೆ ಆನೆಯ ಸುದ್ದಿ ಹೂತುಹೋಗುತ್ತಿತ್ತು. ಪ್ರವಾಸಿಗರ ತಂಗುಮನೆಯೊಂದನ್ನು ನೋಡಿಕೊಳ್ಳುವ ಗಿರಿಧರನ್ ಹೊಸದೊಂದು ಆಪ್ ತೋರಿಸಿದ. ಯಾರು ಯಾವ ಭಾಷೆಯಲ್ಲಿ ಬರೆದರೂ ಅದು ಅವರವರ ಫೋನಿನಲ್ಲಿ ಅವರವರ ಭಾಷೆಗೆ ತಿರುಗಿಸಿ ತೋರಿಸುತ್ತಿತ್ತು. ತಮಿಳು, ಕನ್ನಡ, ಮಲಯಾಳ ಎಲ್ಲ ಕಲಸಿಕೊಂಡಿರುವ ಈ ಕಡೆಗೆ ಇದಕ್ಕಿಂತ ಒಳ್ಳೆಯದು ಏನಿದೆ ಅನ್ನಿಸಿತು ರೂಪಶ್ರೀಗೆ. ಮನೆ ಮನೆಗೆ ಹೋಗಿ ಎಲ್ಲರ ಫೋನಿಗೂ ತಾನೇ ಹಾಕಿಕೊಟ್ಟಳು.

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ಅತ್ತೆ ಕೆಂಪಾಜಮ್ಮ. ಅವಳು ಅಕ್ಷರ ಕಲಿತದ್ದೇ ನಲವತ್ತಾರನೇ ವಯಸ್ಸಿನಲ್ಲಿ, ಸೊಸೆಯ ಕೈಯಲ್ಲಿ. ಕಲಿತರೂ ಓದಲು ಏನಿತ್ತು? ಬಸ್ಸಿನ ಬೋರ್ಡು ತಮಿಳು, ರೇಷನ್ ಅಂಗಡಿಯ ಬೋರ್ಡು ತಮಿಳು, ಪಂಚಾಯಿತಿ ನೋಟೀಸು ತಮಿಳು. ಮೈಸೂರು ಕಡೆಯಿಂದ ಸಾಮಾನು ಸುತ್ತಿ ಬಂದ ಪೇಪರು ಸಿಕ್ಕರೆ ಬಿಡಿಸಿ ಓದುತ್ತಿದ್ದಳು. ಈಗ ಊರಿನ ಸುದ್ದಿಯೇ ಕನ್ನಡದಲ್ಲಿ ಬರತೊಡಗಿತು. ದಿನಕ್ಕೆ ಹತ್ತು ಸಲ ಫೋನು ತೆಗೆದು, ತುಟಿ ಅಲ್ಲಾಡಿಸುತ್ತ, ಒಂದಕ್ಷರ ಬಿಡದೆ ಓದುತ್ತಿದ್ದಳು.

ನವೆಂಬರ್ ತಿಂಗಳ ಒಂದು ಸಂಜೆ ಅವಳು ಮಸಿನಗುಡಿಯ ಟೈಲರ್ ಹತ್ತಿರ ಹೋಗಿದ್ದವಳು ಐದೂವರೆಯ ಬಸ್ಸಿಗೆ ಬಂದಿಳಿದಳು. ಮಂಜು ಆಗಲೇ ಇಳಿಯುತ್ತಿತ್ತು. ದಾರಿಯುದ್ದಕ್ಕೂ ಸಿಗ್ನಲ್ ಇಲ್ಲದಿದ್ದ ಫೋನು ಈಗ ಟುಣ್ ಅಂದಿತು. ಸೊಸೆ ಹೇಳಿಕೊಟ್ಟಿದ್ದ ಹಾಗೆ ಮೊದಲು ಗ್ರೂಪು ನೋಡಿ ಆಮೇಲೆ ಹೆಜ್ಜೆ ಇಡೋಣ ಅಂತ ನಿಂತಲ್ಲೇ ತೆರೆದಳು. ಹಾಲಿನ ವ್ಯಾನಿನ ನಂಜುಂಡನ್ ಬರೆದಿದ್ದ:

“ಸೇತುವೆ ಹತ್ತಿರ ಆನೆ ಇದೆ ಅಂತಿದ್ದಾರೆ. ಯಾರಾದರೂ ನೋಡಿದ್ದೀರಾ?”

ಅದರ ಕೆಳಗೇ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ:

“27 ಜನ ನೋಡಿದ್ದಾರೆ.”

ಒಬ್ಬಿಬ್ಬರಲ್ಲ, ಇಪ್ಪತ್ತೇಳು ಜನ. ಕೆಂಪಾಜಮ್ಮನಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಸೇತುವೆ ಬಿಟ್ಟು, ಹಳ್ಳದ ಕೆಳಮಗ್ಗುಲಿನ ಕಾಲುದಾರಿ ಹಿಡಿದಳು. ಆ ದಾರಿ ಲಂಟಾನ ಪೊದೆಗಳ ನಡುವೆ ಹಾದು ಅವರ ಜಮೀನಿನ ಹಿಂದೆ ಬಂದು ಸೇರುತ್ತದೆ. ಹಗಲಲ್ಲೂ ಅಲ್ಲಿ ಯಾರೂ ಓಡಾಡುವುದಿಲ್ಲ. ಆದರೆ ಸೇತುವೆ ಹತ್ತಿರ ಆನೆ ಇದೆ ಅಂದಮೇಲೆ ಇಲ್ಲಿ ಇರಲಾರದು ಅನ್ನುವುದು ಅವಳ ಲೆಕ್ಕ.

ಆನೆ ಇದ್ದದ್ದು ಅಲ್ಲೇ.

ಹತ್ತು ಮಾರು ದೂರದಲ್ಲಿ ಪೊದೆಯೇ ಎದ್ದು ನಿಂತ ಹಾಗಾಯಿತು ಎಂದು ಅವಳು ಆಮೇಲೆ ಹೇಳಿದಳು. ಒಂದು ಕೂಗು ಕೂಗಿ ಪಕ್ಕಕ್ಕೆ ಹಾರಿದವಳು ಮಳೆನೀರು ಕೊರೆದ ಗುಂಡಿಗೆ ಬಿದ್ದಳು. ಆನೆ ಗುಂಡಿಯ ಅಂಚಿನವರೆಗೆ ಬಂದು, ಮಣ್ಣು ಉದುರಿಸಿ, ಘೀಳಿಟ್ಟು, ಹಳ್ಳ ದಾಟಿ ಹೋಯಿತು. ಅವಳ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.

ಕೂಗು ಕೇಳಿ ಮೊದಲು ಓಡಿ ಬಂದವನು ನಂಜುಂಡನ್. ಸಂಜೆಯ ಹಾಲು ತುಂಬಿಕೊಂಡು ಅದೇ ಹೊತ್ತಿಗೆ ಸೇತುವೆಯ ಮೇಲೆ ಬರುತ್ತಿದ್ದ. ಮೇಲೆ ಕೂಕಲ್ತೊರೈ ಊರಿನ ಕಡೆಯವನು, ಊಟಿ ಬೆಟ್ಟದ ಬಡಗ ಜನಾಂಗದ ಮನುಷ್ಯ, ಐವತ್ತರ ಹತ್ತಿರದವನು, ಮಾತು ಕಡಿಮೆ. ಹಾರನ್ ಒತ್ತಿಕೊಂಡೇ ವ್ಯಾನನ್ನು ಹಳ್ಳದ ಅಂಚಿನವರೆಗೆ ಇಳಿಸಿ, ಗುಂಡಿಗೆ ತಾನೇ ಇಳಿದು, ಕೆಂಪಾಜಮ್ಮನನ್ನು ಬೆನ್ನಿನ ಮೇಲೆ ಹೊತ್ತು ತಂದ. ಹಾಲಿನ ಕ್ಯಾನುಗಳನ್ನು ಕೆಳಗಿಳಿಸಿ ಅವಳನ್ನು ಮಲಗಿಸಿ, ದಾರಿಯಲ್ಲಿ ರೂಪಶ್ರೀ ಮತ್ತು ನವೀನರನ್ನು ಹತ್ತಿಸಿಕೊಂಡು ನೇರ ಗೂಡಲೂರಿನ ಆಸ್ಪತ್ರೆಗೆ ಬಿಟ್ಟ.

ಕಾಲಿಗೆ ಕಟ್ಟು ಹಾಕಿದ ಮೇಲೆ ನವೀನ್ ಕೇಳಿದ. “ಅಮ್ಮಾ, ಆ ದಾರೀಲಿ ಯಾಕೆ ಹೋದೆ? ಯಾರು ಹೋಗ್ತಾರೆ ಅಲ್ಲಿ?”

“ಸೇತುವೆ ಹತ್ರ ಆನೆ ಇತ್ತಲ್ಲಪ್ಪ. ಇಪ್ಪತ್ತೇಳು ಜನ ನೋಡಿದ್ರಂತೆ.”

“ಯಾರು ಹೇಳಿದ್ದು?”

“ಗ್ರೂಪಲ್ಲಿ ಬಂದಿತ್ತು.”

ನವೀನ್ ಫೋನು ತೆಗೆದು ನೋಡಿ ಹಣೆ ಚಚ್ಚಿಕೊಂಡ. “ಅಯ್ಯೋ, ಅದು ಆನೆ ನೋಡಿದೋರಲ್ಲಮ್ಮ, ಮೆಸೇಜು ನೋಡಿದೋರು! ಅಷ್ಟೂ ಗೊತ್ತಾಗಲ್ವಾ?”

ಪಕ್ಕದ ಹಾಸಿಗೆಯವರ ಕಡೆಯ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು. ಕೆಂಪಾಜಮ್ಮ ಆ ನೋವಿನಲ್ಲೂ ತಲೆಯೆತ್ತಿ ಕೈ ಚಾಚಿದಳು. “ಕೊಡಿಲ್ಲಿ. ಮೆಸೇಜು ಅಂತ ಎಲ್ಲಿ ಬರೆದೈತೆ, ತೋರಿಸು.”

ನವೀನ್ ತೋರಿಸಲಿಲ್ಲ. ತೋರಿಸಲು ಏನೂ ಇರಲಿಲ್ಲ.

“ಯಾರಾದ್ರೂ ನೋಡಿದ್ದೀರಾ ಅಂತ ಅವನು ಕೇಳವ್ನೆ. ಇಪ್ಪತ್ತೇಳು ಜನ ನೋಡಿದ್ದಾರೆ ಅಂತ ಕೆಳಗೆ ಉತ್ತರ ಐತೆ. ನಾನು ಏನು ತಪ್ಪು ಓದ್ದೆ, ರೂಪಾ? ನೀನೇ ಹೇಳು.”

“ಏನೂ ತಪ್ಪು ಓದಿಲ್ಲ ಅತ್ತೆ,” ಎಂದಳು ರೂಪಶ್ರೀ. ಆ ಸಾಲನ್ನು ತಾನು ಎಷ್ಟು ಸಾವಿರ ಸಲ ನೋಡಿದ್ದೇನೋ. ಒಮ್ಮೆಯೂ ಓದಿರಲಿಲ್ಲ.

ಮಾರನೆಯ ದಿನ ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ಪಾಪ, ಓದು ಬರಲ್ಲವಲ್ಲ. ವಯಸ್ಸಾಯ್ತು, ಫೋನು ಯಾಕೆ ಬೇಕಿತ್ತು. ಕೆಂಪಾಜಮ್ಮ ಮೊದಮೊದಲು ವಾದಿಸಿದಳು. ನಾಲ್ಕನೆಯವರು ಬರುವ ಹೊತ್ತಿಗೆ ಗೋಡೆ ಕಡೆ ಮುಖ ತಿರುಗಿಸಿ ಮಲಗಿದಳು. ಫೋನನ್ನು ಸೊಸೆಗೆ ಕೊಟ್ಟು, “ಇದು ನೀನೇ ಇಟ್ಕೊ,” ಎಂದಳು.

ರೂಪಶ್ರೀಗೆ ಆ ಮಾತು ತಡೆಯಲಾಗಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತು ಆಪ್ ತೆರೆದಳು. ದೂರು ಎಲ್ಲಿ ಕೊಡುವುದು? ಹುಡುಕಿ ಹುಡುಕಿ, ಆ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದಾಗ ‘ದೂರು ನೀಡಿ’ ಎಂದು ಬಂತು. ಕೆಳಗೆ ಐದು ಕಾರಣ: ಬೆದರಿಕೆ, ಅಶ್ಲೀಲ, ವಂಚನೆ, ಸುಳ್ಳು ಮಾಹಿತಿ, ನನಗಿದು ಇಷ್ಟವಿಲ್ಲ. ನಿಮ್ಮ ಮಾತು ತಪ್ಪಾಗಿದೆ ಎಂದು ಹೇಳಲು ಜಾಗವೇ ಇಲ್ಲ. ಇಪ್ಪತ್ತೇಳು ಜನ ಆನೆ ನೋಡಿರಲಿಲ್ಲವಲ್ಲ, ಅದು ಸುಳ್ಳು ತಾನೇ ಎಂದುಕೊಂಡು ‘ಸುಳ್ಳು ಮಾಹಿತಿ’ ಒತ್ತಿದಳು. ವಿವರ ಬರೆಯಲು ಪುಟ್ಟದೊಂದು ಚೌಕ ಬಂತು. ಎರಡು ಸಾಲು ಬರೆಯುವಷ್ಟರಲ್ಲಿ ಅದು ಕೆಂಪಗಾಗಿ, ಅಕ್ಷರ ಜಾಸ್ತಿ ಎಂದಿತು. ಒತ್ತು, ಕೊಂಬು, ದೀರ್ಘ ಎಲ್ಲವನ್ನೂ ಅದು ಒಂದೊಂದು ಅಕ್ಷರವೆಂದು ಎಣಿಸುತ್ತಿತ್ತು. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದದ್ದು: “ಆನೆ ನೋಡಿದ್ದಾರೆ ಎಂಬುದು ಸುಳ್ಳು. ಅತ್ತೆ ಕಾಲು ಮುರಿದಿದೆ.”

ಒಂದೇ ಕ್ಷಣದಲ್ಲಿ ಉತ್ತರ ಬಂತು. “ಧನ್ಯವಾದ! ನೀವು ನಿಮ್ಮ ಸಮುದಾಯವನ್ನು ಸುರಕ್ಷಿತವಾಗಿಟ್ಟಿದ್ದೀರಿ.”

ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ, ಎಲ್ಲರಿಗೂ ಕಾಣುವಂತೆ, ಬೂದು ಪಟ್ಟಿಯಲ್ಲಿ ಒಂದು ಸಾಲು: “ಸುಳ್ಳು ಮಾಹಿತಿ ಹರಡಿದ್ದಕ್ಕಾಗಿ ನಂಜುಂಡನ್ ಅವರನ್ನು 14 ದಿನ ಹೊರಗಿಡಲಾಗಿದೆ.”

ಅಡ್ಮಿನ್ ಆದ ತಾನು ಅದನ್ನು ತೆಗೆದುಬಿಡಬಹುದೇ ಎಂದು ರೂಪಶ್ರೀ ನೋಡಿದಳು. ಆಗಲಿಲ್ಲ. ದೂರು ವಾಪಸ್ ಪಡೆಯಲು ನೋಡಿದಳು. “ನಿಮ್ಮ ದೂರನ್ನು ಈಗಾಗಲೇ ಪರಿಹರಿಸಲಾಗಿದೆ” ಎಂದಿತು. ಮತ್ತೆ ಒತ್ತಿದಳು. ಪರಿಹರಿಸಲಾಗಿದೆ. ಮತ್ತೆ ಒತ್ತಿದಳು. ಪರಿಹರಿಸಲಾಗಿದೆ. ಫೋನನ್ನು ಎತ್ತಿ ಬಿಸಾಡಬೇಕೆನಿಸಿತು. ಅದನ್ನೂ ಮಾಡುವಂತಿರಲಿಲ್ಲ. ಆನೆ ಸುದ್ದಿ ಬರುವುದು ಅದರಲ್ಲೇ.

ಕೆಂಪಾಜಮ್ಮನನ್ನು ಮನೆಗೆ ಕರೆತರುವಷ್ಟರಲ್ಲಿ ಊರು ಒಂದು ತೀರ್ಮಾನಕ್ಕೆ ಬಂದಿತ್ತು. ನಂಜುಂಡನ್ ಸುಮ್ಮನೆ ಸುಳ್ಳು ಸುದ್ದಿ ಹಬ್ಬಿಸಿದ, ಅದರಿಂದ ಈ ಹೆಂಗಸಿನ ಕಾಲು ಹೋಯಿತು, ಕಂಪನಿಯವರೇ ವಿಚಾರಿಸಿ ಅವನನ್ನು ಹೊರಗೆ ಹಾಕಿದರು. ಬೆನ್ನಿನ ಮೇಲೆ ಹೊತ್ತು ತಂದದ್ದನ್ನೂ ಕೆಲವರು ಬೇರೆ ರೀತಿ ಹೇಳತೊಡಗಿದರು. ತಪ್ಪು ಮಾಡಿದ ಹೆದರಿಕೆ, ಅದಕ್ಕೇ ಹೊತ್ತುಕೊಂಡು ಓಡಿದ.

ಅತ್ತೆಯನ್ನು ಕರೆತಂದ ಮೂರನೆಯ ದಿನ ಮಧ್ಯಾಹ್ನ ಅವನೇ ಮನೆಗೆ ಬಂದ. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಫೋನು ಮುಂದೆ ಹಿಡಿದ. ಸಿಟ್ಟು ಬಂದಾಗ ಅವನ ಮಾತಿನಲ್ಲಿ ಬಡಗು, ತಮಿಳು, ಕನ್ನಡ ಮೂರೂ ಒಟ್ಟಿಗೆ ನುಗ್ಗುತ್ತಿದ್ದವು.

“ರೂಪಶ್ರೀ, ನಾ ಕೇಳ್ವಿ ತಾನೆ ಕೇಟೆ? ನೋಡಿದ್ದೀರಾ ಅಂತ ಕೇಟೆ. ಕೇಳೋದು ಸುಳ್ಳು ಆಗುತ್ತಾ?”

“ಇಲ್ಲಣ್ಣ.”

“ಹಂಗಾದ್ರೆ ಯಾರು ಕೊಟ್ಟ ಕಂಪ್ಲೇಂಟ್ ಇದು?”

ರೂಪಶ್ರೀ ಬಾಯಿ ತೆರೆದಳು. ಒಳಗಿನಿಂದ ಅತ್ತೆ ಕೆಮ್ಮಿದಳು. “ವಿಚಾರಿಸ್ತೀನಿ ಅಣ್ಣ,” ಅಂದುಬಿಟ್ಟಳು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಹೊರಬಂದ ಮಾತನ್ನು ತಿದ್ದಿಕೊಳ್ಳುವ ಧೈರ್ಯ ಆಗ ಬರಲಿಲ್ಲ. ಅದರ ಬದಲು ಅವನ ಫೋನು ಇಸಿದುಕೊಂಡು, ತಿರುಗಿ ಸೇರಲು ಏನು ಮಾಡಬೇಕೆಂದು ಹುಡುಕತೊಡಗಿದಳು. ‘ಮರುಪರಿಶೀಲನೆಗೆ ಕೋರಿ’ ಎಂದಿತ್ತು. ಒತ್ತಿದರೆ ಅವನ ಹೆಸರು, ಅವನ ಮೆಸೇಜು, ಅದರ ಮೇಲೆ ‘ಸುಳ್ಳು ಮಾಹಿತಿ’ ಎಂಬ ಮುದ್ರೆ, ಕೆಳಗೆ ಒಂದೇ ಒಂದು ನೀಲಿ ಗುಂಡಿ. ಅದು ತಮಿಳಿನಲ್ಲಿತ್ತು. ಅವಳು ಓದಿ ಕನ್ನಡದಲ್ಲಿ ಹೇಳಿದಳು: “ಒಪ್ಪಿಕೊಳ್ಳುತ್ತೇನೆ.”

“ಏನನ್ನ ಒಪ್ಕೊಳ್ಳೋದು?” ಎಂದ ನಂಜುಂಡನ್.

“ಅದು ಅವರ ನಿಯಮಗಳನ್ನ ಒಪ್ಕೊಂಡು ಮುಂದಕ್ಕೆ ಹೋಗೋದು ಅಣ್ಣ. ತಪ್ಪು ಒಪ್ಕೊಳ್ಳೋದಲ್ಲ. ಒತ್ತಿದ್ರೆ ಮುಂದಿನ ಪುಟ ಬರುತ್ತೆ.”

“ನಿಯಮ ಅಂತ ಇದೆಯಾ ಅಲ್ಲಿ?”

“ಇಲ್ಲ. ಆದ್ರೆ ಅದರ ಅರ್ಥ...”

“ನಂಗೆ ಅರ್ಥ ಬೇಡ. ನನ್ನ ಹೆಸರು ಬರೆದು, ಸುಳ್ಳ ಅಂತ ಬರೆದು, ಅದರ ಕೆಳಗೆ ಒಪ್ಕೋ ಅಂದ್ರೆ ನಾನು ಒತ್ತಲ್ಲ.” ಫೋನು ಕಿತ್ತುಕೊಂಡ. “ಹದಿನಾಲ್ಕು ದಿನ ಅಲ್ಲ, ಹದಿನಾಲ್ಕು ವರ್ಷ ಹೊರಗಿದ್ರೂ ಒತ್ತಲ್ಲ.”

ಬೆಳಿಗ್ಗೆ ಐದಕ್ಕೇ ವ್ಯಾನು ತೆಗೆದು, ಕಾಡಿನಂಚಿನ ದಾರಿಯಲ್ಲಿ ಮೊದಲು ದೂರದ ಒಂಟಿ ಮನೆಗಳ ಹಾಲು ಎತ್ತುವವನು ಅವನು. ಆನೆ ಸುದ್ದಿ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವನಿಗೇ. ಈಗ ಯಾವುದೂ ಗೊತ್ತಿಲ್ಲದೆ, ಹಾರನ್ ಒತ್ತಿಕೊಂಡು, ಮಂಜಿನಲ್ಲಿ ಒಬ್ಬನೇ ಹೋಗುತ್ತಿದ್ದ. ಬೆಳಗಿನ ಆ ಹಾರನ್ ಶಬ್ದ ಕೇಳಿದಾಗಲೆಲ್ಲ ರೂಪಶ್ರೀ ಹಾಸಿಗೆಯಲ್ಲೇ ಮುದುಡಿಕೊಳ್ಳುತ್ತಿದ್ದಳು.

ಕಂಪನಿಯ ಇಮೇಲ್ ವಿಳಾಸ ಹುಡುಕಿ ಉದ್ದಕ್ಕೆ ಬರೆದಳು. “ನಿಮ್ಮ ಅನುಭವ ನಮಗೆ ಅಮೂಲ್ಯ” ಎಂದು ಉತ್ತರ ಬಂತು. ನನ್ನ ಅನುಭವವಲ್ಲ, ನಿಮ್ಮ ವಾಕ್ಯದ ವಿಷಯ ಎಂದು ಮತ್ತೆ ಬರೆದಳು. ಅದೇ ಉತ್ತರ ಬಂತು. ಗಿರಿಧರನ್‌ನ ಹತ್ತಿರ ಹೋಗಿ ಹೇಳಿದಳು. ಅವನು ತಂಗುಮನೆಯ ಮುಂದೆ ಅತಿಥಿಗಳ ಜೀಪು ಕಳಿಸುವ ಗಡಿಬಿಡಿಯಲ್ಲಿದ್ದ.

“ಎಲ್ಲಾ ಆಪಲ್ಲೂ ಹಂಗೇ ಇರೋದು ಅಕ್ಕ. ಎಲ್ಲರಿಗೂ ಅರ್ಥ ಆಗುತ್ತೆ.”

“ನಮ್ಮತ್ತೆಗೆ ಆಗ್ಲಿಲ್ವಲ್ಲ.”

“ಒಬ್ಬರಿಗೋಸ್ಕರ ಕಂಪನಿ ಭಾಷೆ ಬದಲಾಯಿಸುತ್ತಾ?”

“ಅವರು ಸರಿಯಾಗಿ ಓದಿದ್ರು, ಗಿರಿ. ಅರ್ಥ ಆಗಿದೆ ಅಂತ ಅಂದ್ಕೊಂಡಿರೋ ನಾವು ಓದ್ತಾ ಇಲ್ಲ, ಅಷ್ಟೇ.”

ಅವನು ನಕ್ಕು, ಜೀಪಿನ ಬಾಗಿಲು ಹಾಕಿದ.

ಆ ರಾತ್ರಿ ಊಟ ಬಡಿಸುವಾಗ ಕೆಂಪಾಜಮ್ಮ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು. “ಕಂಪ್ಲೇಂಟು ಕೊಟ್ಟಿದ್ದು ನೀನಲ್ವಾ?”

ರೂಪಶ್ರೀ ಸೌಟನ್ನು ಪಾತ್ರೆಗೆ ವಾಪಸ್ ಇಟ್ಟಳು.

“ನನಗೋಸ್ಕರ ಕೊಟ್ಟೆ. ಗೊತ್ತು. ನಾನು ಓದಿದ್ದು ಸುಳ್ಳಾಗಬಾರದು ಅಂತ. ಆದ್ರೆ ಈಗ ಊರವರೆಲ್ಲ ಅವನನ್ನ ಸುಳ್ಳ ಅಂತ ಓದ್ತಾವ್ರಲ್ಲ. ನನ್ನ ಹೊತ್ತು ತಂದೋನು ಕಣೆ ಅವನು. ಬೆನ್ನೆಲ್ಲ ಮುಳ್ಳು ಗೀರಿತ್ತು.”

ಹಾಲು ಸಂಗ್ರಹಿಸುವ ಶೆಡ್ಡು ಬಸ್‌ಸ್ಟಾಪಿನ ಎದುರಿಗಿದೆ. ಬೆಳಿಗ್ಗೆ ಆರೂವರೆಗೆ ಊರಿನ ಮುಕ್ಕಾಲು ಪಾಲು ಜನ ಅಲ್ಲಿರುತ್ತಾರೆ. ಮಾರನೆಯ ದಿನ ರೂಪಶ್ರೀ ನವೀನನನ್ನು ಕಳಿಸದೆ ತಾನೇ ಕ್ಯಾನು ಹಿಡಿದು ಹೋದಳು. ನಂಜುಂಡನ್ ತಲೆ ತಗ್ಗಿಸಿ ಕ್ಯಾನುಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಸಾಲಿನಲ್ಲಿ ನಿಂತಿದ್ದ ಸುರೇಂದ್ರನ್ ಅವನಿಗೆ ಕೇಳುವಂತೆಯೇ, “ಇವತ್ತು ಎಲ್ಲಿ ಬಿಟ್ಟೆಪ್ಪ ಆನೇನ?” ಎಂದ. ನಾಲ್ಕಾರು ಜನ ನಕ್ಕರು.

“ಸ್ವಲ್ಪ ಕೇಳಿ,” ಎಂದಳು ರೂಪಶ್ರೀ. ತಮಿಳಿನಲ್ಲಿ ಶುರುಮಾಡಿ, ನಡುವೆ ಪದ ಸಿಗದೆ ಕನ್ನಡಕ್ಕೆ ಜಾರಿ, ಮತ್ತೆ ತಮಿಳಿಗೆ ಬಂದಳು. “ಕಂಪ್ಲೇಂಟ್ ಕೊಟ್ಟವಳು ನಾನು. ನಂಜುಂಡಣ್ಣನ ಮೇಲೆ ಅಲ್ಲ, ಆ ಆಪ್‌ನವರ ಮಾತಿನ ಮೇಲೆ. ಅವರು ಅದನ್ನ ಅಣ್ಣನ ತಲೆಗೆ ಕಟ್ಟಿದ್ರು. ಅಣ್ಣ ಕೇಳಿದ್ದು ಪ್ರಶ್ನೆ. ನೋಡಿದ್ದಾರೆ ಅಂತ ಉತ್ತರ ಹೇಳಿದ್ದು ಆಪ್. ಎಲ್ರೂ ಫೋನ್ ತೆಗೀರಿ. ಈಗಲೇ ತೆಗೆದು ಓದಿ.”

ಮೊದಲು ಒಬ್ಬರು ತೆಗೆದರು, ಆಮೇಲೆ ಇನ್ನೊಬ್ಬರು ತೆಗೆದರು. ಸುರೇಂದ್ರನ್ ತನ್ನ ಫೋನನ್ನು ದೂರ ಹಿಡಿದು ಜೋರಾಗಿ ಓದಿದ. ತಮಿಳಲ್ಲೂ ಅದೇ ಇತ್ತು: ಇಷ್ಟು ಜನ ನೋಡಿದರು. ಎರಡನೇ ಸಲ ಓದುವಾಗ ಅವನ ಸ್ವರ ಇಳಿಯಿತು.

“ನಾನೇ ಕೊಟ್ಟಿದ್ದು ಅಂತ ಅಣ್ಣ ಕೇಳಿದ ದಿನವೇ ಹೇಳಬೇಕಿತ್ತು. ಹೆದರಿ ಹೇಳಲಿಲ್ಲ,” ಎಂದಳು ರೂಪಶ್ರೀ.

ನಂಜುಂಡನ್ ಕೊನೆಯ ಕ್ಯಾನು ಏರಿಸಿ, ಬಾಗಿಲು ಹಾಕಿ, ಕೊಂಡಿ ಸಿಕ್ಕಿಸಿದ. ಅವಳ ಮುಖ ನೋಡಲಿಲ್ಲ. “ವ್ಯಾನಿಗೆ ಟೈಮಾಯ್ತು,” ಎಂದಷ್ಟೇ ಹೇಳಿ ಹೊರಟುಹೋದ.

ಹದಿನಾಲ್ಕು ದಿನ ಮುಗಿದ ಮೇಲೂ ಅವನು ಗ್ರೂಪಿಗೆ ತಿರುಗಿ ಬರಲಿಲ್ಲ. ತಿರುಗಿ ಸೇರುವವರು ಒತ್ತಲೇಬೇಕಾದ ‘ಒಪ್ಪಿಕೊಳ್ಳುತ್ತೇನೆ’ ಎಂಬ ಗುಂಡಿ ಆಗಲೂ ಬಾಗಿಲಲ್ಲಿ ನಿಂತಿತ್ತು. ಆದರೆ ಒಂದು ಬೆಳಿಗ್ಗೆ ಐದಕ್ಕೆ, ಸೊಸೆ ಎತ್ತಿಟ್ಟಿದ್ದ ಕೆಂಪಾಜಮ್ಮನ ಫೋನು ಹೊಡೆದುಕೊಂಡಿತು. ಮೆಸೇಜಲ್ಲ, ಕರೆ. ರೂಪಶ್ರೀ ಅದನ್ನು ಅತ್ತೆಯ ಕೈಗೆ ಕೊಟ್ಟಳು. “ಅಮ್ಮಾ, ಮೇಲಿನ ತಿರುವಲ್ಲಿ ಎರಡು ಇವೆ. ನಾನೇ ನೋಡಿದೆ,” ಎಂದ ನಂಜುಂಡನ್. ಕೆಂಪಾಜಮ್ಮ ಹಾಸಿಗೆಯಲ್ಲೇ ಎದ್ದು ಕೂತು, ಆ ದಾರಿಯಲ್ಲಿ ಬೆಳಿಗ್ಗೆ ಓಡಾಡುವ ಆರು ಮನೆಗಳಿಗೆ ಒಂದೊಂದಾಗಿ ಫೋನು ಮಾಡಿದಳು. ಮರುದಿನದಿಂದ ಬೇರೆಯವರೂ ಅವಳಿಗೆ ಕರೆ ಮಾಡತೊಡಗಿದರು. ಅಂತೆ ಕಂತೆ ಅಂದವರನ್ನು ಅವಳು ಬಿಡುತ್ತಿರಲಿಲ್ಲ. “ಕಣ್ಣಾರೆ ಕಂಡ್ಯಾ, ಯಾರೋ ಹೇಳಿದ್ರಾ? ಮೊದಲು ಅದು ಹೇಳು.” ಕಾಲಿನ ಕಟ್ಟಿನ ಭಾರದಲ್ಲಿ ಕೂತಲ್ಲೇ ಅವಳಿಗೆ ಅದೊಂದು ಕೆಲಸವಾಯಿತು. ಆದರೂ ಊರಿನ ಅರ್ಧಕ್ಕರ್ಧ ಜನ ಆಪ್ ಬಿಡಲಿಲ್ಲ. ಅತಿಥಿಗಳಿಗೆ ಆನೆಯ ಫೋಟೋ ತೋರಿಸಲು ಗಿರಿಧರನ್‌ಗೆ ಅದೇ ಬೇಕಿತ್ತು. ಆಪ್‌ನಲ್ಲಿ ಉಳಿದವರನ್ನು ಬಿಟ್ಟು ಹೋದರೆ ಅವರು ಹಾಕುವ ಸುದ್ದಿ ಉಳಿದರ್ಧ ಜನಕ್ಕೆ ಸಿಗುವುದಿಲ್ಲ. ಹಾಗಾಗಿ ರೂಪಶ್ರೀ ಅಡ್ಮಿನ್ ಆಗಿಯೇ ಉಳಿದಳು.

ಡಿಸೆಂಬರ್ ಕೊನೆಯಲ್ಲಿ ಆಪ್ ಅಪ್‌ಡೇಟ್ ಆಯಿತು. ತೆರೆದ ಕೂಡಲೇ ಬಣ್ಣದ ಕಾಗದ ಉದುರಿದಂತೆ ತೋರಿಸಿ, “ನಿಮ್ಮ ಸಲಹೆ ನಾವು ಕೇಳಿದ್ದೇವೆ! ನಮ್ಮ ಕನ್ನಡ ಈಗ ಇನ್ನಷ್ಟು ಉತ್ತಮ” ಎಂದಿತು. ರೂಪಶ್ರೀ ಅತ್ತೆಯ ಹತ್ತಿರ ಓಡಿಹೋಗಿ ಫೋನು ಕೊಟ್ಟಳು. ತಿಂಗಳ ಮೇಲಾಗಿತ್ತು ಕೆಂಪಾಜಮ್ಮ ಗ್ರೂಪು ಓದಿ. ಕನ್ನಡಕ ಹಾಕಿಕೊಂಡು, ತುಟಿ ಅಲ್ಲಾಡಿಸುತ್ತ ಕೂಡಿಸಿದಳು.

“ಮೂವತ್ತೊಂದು ಜನ ವೀ... ಕ್ಷಿ... ವೀಕ್ಷಿಸಿದ್ದಾರೆ. ಹಂಗಂದ್ರೇನು ರೂಪಾ?”

ರೂಪಶ್ರೀ ಬಗ್ಗಿ ಆ ಸಾಲನ್ನು ತಾನೂ ಓದಿದಳು.

“ನೋಡೋದು ಅತ್ತೆ.”

“ಮೊದಲೂ ಅದೇ ಇತ್ತಲ್ವಾ?”

“ಅದೇ.”

“ಇದು ಓದೋಕೆ ಇನ್ನೂ ಕಷ್ಟ,” ಎಂದಳು ಕೆಂಪಾಜಮ್ಮ. ಸೊಸೆಯ ಮೊಣಕೈ ತಟ್ಟಿದಳು. “ಬರಿ. ನಾನು ಹೇಳ್ತೀನಿ, ಹಂಗೇ ಬರಿ. ಈ ಮೆಸೇಜು ಮೂವತ್ತೊಂದು ಫೋನಿಗೆ ಮುಟ್ಟಿದೆ. ಆನೆ ಯಾರು ಕಂಡ್ರೋ ನಮಗೆ ಗೊತ್ತಿಲ್ಲ. ಇಷ್ಟು ಹಾಕೋಕೆ ಅವರಿಗೇನು ಕಷ್ಟ?”

ರೂಪಶ್ರೀ ಬರೆದಳು. ಚೌಕ ಕೆಂಪಗಾಯಿತು. ‘ನಮಗೆ ಗೊತ್ತಿಲ್ಲ’ ಎಂಬುದಕ್ಕೆ ಜಾಗ ಸಾಲಲಿಲ್ಲ. ಎರಡು ಭಾಗ ಮಾಡಿ, ಎರಡು ದೂರಾಗಿ ಕಳಿಸಿದಳು. ಈ ಸಲ ಯಾರ ಮೆಸೇಜಿನ ಮೇಲೂ ಬೆರಳಿಡದೆ, ತಾನೇ ಹಾಕಿದ್ದ ಒಂದು ಮೆಸೇಜಿನ ಮೇಲೆ ಒತ್ತಿ, ಕಾರಣ ಕೇಳಿದಲ್ಲಿ ‘ನನಗಿದು ಇಷ್ಟವಿಲ್ಲ’ ಆರಿಸಿಕೊಂಡಳು.

“ಧನ್ಯವಾದ!” ಎಂದಿತು ಫೋನು. “ಇನ್ನು ಮುಂದೆ ರೂಪಶ್ರೀ ಅವರ ಸಂದೇಶಗಳನ್ನು ನಿಮಗೆ ಕಡಿಮೆ ತೋರಿಸುತ್ತೇವೆ.”